ನೀವು ಹಾಕದೆ ಬಿಟ್ಟ ಗುರುತು

ಭಾವನವರಿಗೆ,

ಮೊದಲು ‘ಪೂಜ್ಯ’ ಎಂದು ಬರೆದಿದ್ದೆ. ಆಮೇಲೆ ಹೊಡೆದುಹಾಕಿ ಬೇರೆ ಹಾಳೆ ತೆಗೆದುಕೊಂಡೆ. ಒಂದು ಹಾಳೆ ದಂಡವಾಯಿತು, ಹೋಗಲಿ. ಮೊದಲ ಪದವೇ ಸುಳ್ಳಾದರೆ ಮುಂದಿನದನ್ನು ಯಾರು ನಂಬುತ್ತಾರೆ?

ನಿಮ್ಮ ಕಣ್ಣು ಮಂಜಾಗಿ ಮೂರು ವರ್ಷವಾಯಿತು, ಪೇಪರನ್ನೂ ಪತ್ರವನ್ನೂ ಅಕ್ಕನೇ ಓದಿ ಹೇಳುತ್ತಾಳೆ ಎಂಬುದು ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದರ ಒಂದೊಂದು ಮಾತೂ ಅವಳ ಬಾಯಿಂದಲೇ ನಿಮ್ಮ ಕಿವಿಗೆ ಬೀಳಬೇಕು. ಅಕ್ಕಾ, ನಡುವೆ ನಿಲ್ಲಿಸಬೇಡ. ಗಂಟಲು ಒಣಗಿದರೆ ನೀರು ಕುಡಿದು ಮುಂದೆ ಓದು.

ಪತ್ರಕ್ಕೆ ಕಾರಣ ನಿಮ್ಮ ಮಗಳು. ಹೋದ ವಾರ ಫೋನು ಮಾಡಿದ್ದಳು. "ಚಿಕ್ಕಮ್ಮ, ಗಡಿಯಾರ ರಿಪೇರಿಯವರ ಸಂಘದಿಂದ ಅಪ್ಪಂಗೆ ಸನ್ಮಾನ ಇಟ್ಕೊಂಡಿದಾರೆ. ನಲವತ್ತೈದು ವರ್ಷದ ಸೇವೆಗೆ. ಒಂದು ಪುಸ್ತಕಾನೂ ತರ್ತಿದಾರೆ. ನೀವು ಎರಡು ಮಾತು ಬರ್ಕೊಡಿ, ಆವತ್ತು ಬಂದು ಮಾತಾಡ್ಲೂ ಬೇಕು" ಎಂದಳು. ಪುಸ್ತಕಕ್ಕೆ ಏನು ಹೆಸರಿಟ್ಟಿದ್ದಾರೆ ಎಂದು ಕೇಳಿದೆ. ‘ಆಟೋಮ್ಯಾಟಿಕ್ ಬಲ್ಲ ಕೈ’ ಎಂದಳು. ಕೂತಿದ್ದ ಸ್ಟೂಲಿನಿಂದ ಬೀಳುವುದೊಂದು ಬಾಕಿ. "ಯಾಕೆ ಚಿಕ್ಕಮ್ಮ ನಗ್ತೀರ?" ಎಂದಳು. "ಸಂತೋಷಕ್ಕೆ ಕಣೇ" ಎಂದೆ. ಸುಳ್ಳಲ್ಲ. ಸರಿಯಾಗಿ ಆ ಹೊತ್ತಿನಲ್ಲೇ ಸರ್ಜನ್ ಸಾಹೇಬರ ಗಡಿಯಾರ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡು ಮಲಗಿತ್ತು.

ಹೌದು ಭಾವ, ಅದೇ ಗಡಿಯಾರ. ಚಿನ್ನದ ಕೇಸು, ಬೆಣ್ಣೆ ಬಣ್ಣದ ಮುಖ, ಕಂಪನಿಯ ಹೆಸರು ಹೇಳಿದರೆ ಬೆಲೆ ಹೇಳಬೇಕಾಗಿಲ್ಲದಂಥದು. ಸಾಹೇಬರು ತೀರಿಕೊಂಡು ವರ್ಷವಾಯಿತಂತೆ. ಅವರ ಮಗಳು ಲಾಕರ್ ತೆಗೆದಾಗ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟದ್ದು ಸಿಕ್ಕಿತಂತೆ. ಹಳೆಯ ಆಟೋಮ್ಯಾಟಿಕ್ ಗಡಿಯಾರಗಳನ್ನು ನೋಡುವ ಹೆಂಗಸೊಬ್ಬಳಿದ್ದಾಳೆ ಎಂದು ಯಾರೋ ಹೇಳಿ, ಹುಡುಕಿಕೊಂಡು ಬಂದಳು. ನಾನು ಯಾರ ಮಗಳೆಂದು ಅವಳಿಗೆ ಗೊತ್ತಿರಲಿಲ್ಲ. ಬಟ್ಟೆ ಬಿಚ್ಚಿದ ಕೂಡಲೇ ನನಗೆ ಮಾತ್ರ ಎಲ್ಲವೂ ಗೊತ್ತಾಯಿತು. ಬಟ್ಟೆಯನ್ನು ಮತ್ತೆ ಹಾಗೇ ಸುತ್ತಿ, ಅವತ್ತಿಗೆ ಅದನ್ನು ಡ್ರಾಯರಿನಲ್ಲಿಟ್ಟೆ.

ನಿಮ್ಮ ಸನ್ಮಾನಕ್ಕೆ ಬರುವ ಅರ್ಧ ಜನಕ್ಕೆ ಗೊತ್ತಿಲ್ಲದ ಕಥೆ ಇದು. ಗೊತ್ತಿದ್ದ ಇನ್ನರ್ಧಕ್ಕೆ ತಪ್ಪಾಗಿ ಗೊತ್ತು. ಆದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ಅಪ್ಪನ ಅಂಗಡಿಯನ್ನು ನಾನು ವಿವರಿಸಬೇಕಾಗಿಲ್ಲ, ನೀವು ಈಗಲೂ ಅದರಲ್ಲೇ ಕೂರುತ್ತೀರಿ. ಕಿಟಕಿಗೆ ಹತ್ತಿದಂತೆ ಅಪ್ಪನ ಮೇಜು, ಅದರ ಪಕ್ಕ ನಿಮ್ಮದು, ಹಿಂದೆ ಗೋಡೆಯ ಮೂಲೆಯಲ್ಲಿ ನನ್ನ ಗಿಡ್ಡ ಸ್ಟೂಲು. ನನ್ನ ಕೆಲಸ ಕೇಸು ಒರೆಸುವುದು, ಪಟ್ಟಿ ಹಾಕುವುದು, ಬಿದ್ದ ಸ್ಕ್ರೂ ಹುಡುಕುವುದು. ಎಂಥ ಚುಕ್ಕೆಯಷ್ಟು ಸ್ಕ್ರೂ ಬಿದ್ದರೂ ಒಂದೇ ಉಸಿರಿನಲ್ಲಿ ಎತ್ತಿಕೊಡುತ್ತಿದ್ದೆ ಎಂದು ಅಪ್ಪ ನನ್ನನ್ನು ಚಿಮಟ ಎಂದು ಕರೆಯುತ್ತಿದ್ದರು. ಬಾಯಲ್ಲಿ ಬಯ್ಯುತ್ತಿದ್ದರೂ ತಾವು ಬಿಚ್ಚುವಾಗ ಭುಜವನ್ನು ಒಂದಿಷ್ಟು ಓರೆ ಮಾಡುತ್ತಿದ್ದರು, ಹಿಂದಿನಿಂದ ನನಗೆ ಕಾಣಲಿ ಎಂದು. ನಾನು ಕಲಿತದ್ದು ಆ ಓರೆ ಭುಜದ ಸಂದಿಯಿಂದ.

ನೀವು ಬಂದಾಗ ನನಗೆ ಹದಿನಾರು. ನಿಮ್ಮನ್ನು ಕಂಡರೆ ಇಷ್ಟವಿತ್ತು ಭಾವ, ಅದನ್ನೂ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ನಗು ತಂದವರು ನೀವು. ಕೆಲಸಕ್ಕೆ ಬಂದವರು ವರ್ಷದೊಳಗೆ ಅಕ್ಕನನ್ನು ಮದುವೆಯಾಗಿ ಮನೆಯವರೇ ಆದಿರಿ. ನನ್ನ ಮುಖ ಊದಿದ್ದರೆ ಎಣ್ಣೆಯ ಕಡ್ಡಿ ತೋರಿಸಿ, "ಏನು ನಾದಿನಿ, ಮೂಗಿನ ಮೇಲಿನ ಕೋಪಕ್ಕೆ ಎರಡು ಹನಿ ಬಿಡ್ಲಾ?" ಎನ್ನುತ್ತಿದ್ದಿರಿ. ನಿಮಗೆ ಎಲ್ಲದಕ್ಕೂ ಎಣ್ಣೆಯೇ ಮದ್ದು. ಬಾಗಿಲು ಕಿರುಗುಟ್ಟಿದರೂ ಎಣ್ಣೆ, ಗಡಿಯಾರ ನಿಂತರೂ ಎಣ್ಣೆ, ಮಾವನಿಗೆ ಸಿಟ್ಟು ಬಂದರಂತೂ ಕೇಳುವುದೇ ಬೇಡ.

ಅಂಗಡಿಗೆ ಒಂದು ನಿಯಮವಿತ್ತು. ಗಡಿಯಾರದ ಬೆನ್ನಮುಚ್ಚಳ ತೆಗೆದು ಒಳಗೆ ಕೆಲಸ ಮಾಡಿದವರು, ಮುಚ್ಚುವ ಮೊದಲು ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತು ಗೀರಿ ತಾರೀಖು ಹಾಕಬೇಕು. ಗಿರಾಕಿಗೆ ಅದು ಕಾಣುವುದಿಲ್ಲ. ಮುಂದೆ ಬಿಚ್ಚುವ ಇನ್ನೊಬ್ಬ ಕೆಲಸಗಾರನಿಗಷ್ಟೇ ಕಾಣುತ್ತದೆ. ಅಪ್ಪನದು ತ್ರಿಕೋನ. ನಿಮಗೆ ಅವರು ಕೊಟ್ಟದ್ದು ಅರ್ಧಚಂದ್ರ, ಒಳಗೊಂದು ಚುಕ್ಕೆ. ನನಗೆ ಗುರುತು ಕೊಟ್ಟಿರಲಿಲ್ಲ. ಕೇಳಿದರೆ, "ನಿಂಗ್ಯಾಕಮ್ಮ? ನೀನೇನು ಬಿಚ್ತೀಯಾ?" ಎನ್ನುತ್ತಿದ್ದರು.

ನನಗೆ ಇಪ್ಪತ್ತು ತುಂಬಿದ ವರ್ಷ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಮಾಡಿದವರು ಆ ಸರ್ಜನ್ ಸಾಹೇಬರೇ. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೇ ಅವರು ತಮ್ಮ ಗಡಿಯಾರವನ್ನು ಅಂಗಡಿಗೆ ಕಳಿಸಿದರು. ಗ್ಲಾಸು ಬಿರುಕು ಬಿಟ್ಟಿತ್ತು, ಅಷ್ಟೇ. ಅವರ ಹೆಂಡತಿ ಸಾಯುವ ಮುಂಚೆ ಕೊಟ್ಟ ಗಡಿಯಾರ ಅದು. ಅದಕ್ಕೂ ಆರು ವರ್ಷ ಮೊದಲು, ನೀವು ಇನ್ನೂ ಅಂಗಡಿಗೆ ಬಂದಿರದಿದ್ದಾಗ, ಅಪ್ಪ ಒಮ್ಮೆ ಅದನ್ನು ಪೂರ್ತಿ ಸರ್ವಿಸ್ ಮಾಡಿದ್ದರು. ಹಾಸಿಗೆಯಿಂದಲೇ ನಿಮಗೆ ಹೇಳಿದ್ದು ನಾನೇ ಕೇಳಿಸಿಕೊಂಡಿದ್ದೇನೆ: "ಗ್ಲಾಸು ಹಾಕಿ ಇಡು, ಸಾಕು. ಒಳಗೆ ಕೈ ಹಾಕ್ಬೇಡ. ಆಟೋಮ್ಯಾಟಿಕ್ ನಿಂಗಿನ್ನೂ ಬರಲ್ಲ." ನೀವು ತಲೆಯಾಡಿಸಿದಿರಿ. ಆದರೆ ಕಿವಿ ಕೆಂಪಾಗಿತ್ತು. ನಾದಿನಿಯ ಎದುರು ಹೇಳಿದ್ದು ತಪ್ಪೇನೋ.

ಅಪ್ಪ ಮನೆಗೆ ಬಂದರು. ಗಡಿಯಾರ ಸಾಹೇಬರ ಕೈಗೆ ಹೋಯಿತು. ಮೂರನೆಯ ದಿನ ಬೆಳಿಗ್ಗೆ ಅವರು ಅಂಗಡಿಯ ಮೆಟ್ಟಿಲು ಹತ್ತಿ ಬಂದು ಅದನ್ನು ಅಪ್ಪನ ಮುಂದೆ ಇಟ್ಟರು. ನಿಂತುಹೋಗಿತ್ತು. ಅಪ್ಪ ಅವರೆದುರೇ ಮುಚ್ಚಳ ತೆಗೆದರು. ಒಳಗೆ ತಿರುಗುವ ತಗಡಿನ, ಅಂದರೆ ರೋಟರ್‌ನ, ಸುತ್ತ ಗ್ರೀಸು ಕೀವಿನಂತೆ ಒಸರಿತ್ತು. ಸಾಹೇಬರು ಬಗ್ಗಿ ನೋಡಿದರು. ಅವರೇನೂ ಗಡಿಯಾರ ಬಲ್ಲವರಲ್ಲ, ಆದರೆ ಗಲೀಜು ಗಲೀಜೇ ತಾನೆ? "ನಾನು ನಿಮ್ಮ ಹೊಟ್ಟೇಲಿ ಹತ್ತಿ ಬಿಟ್ಟು ಹೊಲ್ದಿದ್ರೆ ಏನಂತಿದ್ರಿ?" ಎಂದರು. ಅಪ್ಪ ಸರಿಮಾಡಿ ಕೊಡುತ್ತೇನೆ ಎಂದು ಕೈಮುಗಿದರು. "ಬೇಡ, ಮುಚ್ಚಿ ಕೊಡಿ. ಇನ್ನು ಇದು ಯಾರ ಕೈಗೂ ಹೋಗಲ್ಲ" ಎಂದರು. ಅಪ್ಪ ಮುಚ್ಚಿಕೊಟ್ಟರು. ಅಪ್ಪನ ಕುತ್ತಿಗೆ ಅಷ್ಟು ಬಗ್ಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಅಪ್ಪ ನಿಮ್ಮತ್ತ ತಿರುಗಿದರು. ನೀವು ಹೇಳಿದ ಮಾತು ಅಕ್ಷರ ಬಿಡದಂತೆ ನನಗೆ ಬಾಯಿಪಾಠ: "ನಾನು ಗ್ಲಾಸು ಹಾಕಿ, ಕೀ ಕೊಟ್ಟು ಇಟ್ಟೆ ಮಾವ. ಬೆನ್ನಮುಚ್ಚಳಾನೇ ತೆಗ್ದಿಲ್ಲ. ಬಿಚ್ಚಿದ್ರೆ ನನ್ ಗುರುತು ಇರ್ತಿರ್ಲಿಲ್ವಾ? ನನ್ ಹೆಂಡ್ತಿ ಮೇಲಾಣೆ." ಅಪ್ಪ ಈಗಷ್ಟೇ ಮುಚ್ಚಳದ ಒಳಮೈ ನೋಡಿದ್ದರು. ಇದ್ದದ್ದು ಅವರದೇ ಹಳೆಯ ತ್ರಿಕೋನ ಒಂದೇ. ಅಂಗಡಿಯಲ್ಲಿ ಇದ್ದವರು ಮೂರು ಜನ. ಇಬ್ಬರಿಗೆ ಗುರುತು ಇತ್ತು. ಗುರುತಿಲ್ಲದೆ ಗಡಿಯಾರ ಬಿಚ್ಚಿಕೊಂಡಿದೆ ಎಂದರೆ, ಗುರುತೇ ಇಲ್ಲದವಳು ಬಿಚ್ಚಿರಬೇಕು. ಎಷ್ಟು ಸಲೀಸಾದ ಲೆಕ್ಕ! ನಿಯಮ ಮಾಡಿದವರೇ ಆ ನಿಯಮವನ್ನು ಹಿಡಿದು ನನ್ನ ಕುತ್ತಿಗೆಗೆ ಬಿಗಿದರು. ಸಾಲದ್ದಕ್ಕೆ ಪಕ್ಕದ ಅಂಗಡಿಯ ದರ್ಜಿ ಬಾಯಿ ಹಾಕಿದ: "ಹೌದು ಯಜಮಾನ್ರೇ, ಇವ್ಳು ಅದನ್ನ ಕಿವಿ ಹತ್ರ ಹಿಡ್ಕೊಂಡು ಗಲಗಲ ಅಲ್ಲಾಡಿಸ್ತಿದ್ದಿದ್ದು ನಾನೇ ನೋಡಿದೀನಿ."

ಅಲ್ಲಾಡಿಸಿದ್ದು ನಿಜ. ಮುಚ್ಚಿದ ಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಒಳಗೆ ರೋಟರ್ ಸುತ್ತುವ ಸದ್ದು ಕೇಳುತ್ತದೆ, ಯಾರೋ ದೂರದ ಕೋಣೆಯಲ್ಲಿ ರೇಷ್ಮೆ ಬಟ್ಟೆ ಮಡಿಸಿದಂತೆ. ಆ ಸದ್ದಿಗೆ ನಾನು ಮರುಳಾಗಿದ್ದೆ. ಅಷ್ಟೇ ನನ್ನ ತಪ್ಪು.

ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಜಗಳವಾಡುತ್ತಿದ್ದೆ. ನನ್ನ ಭೂತಗನ್ನಡಿಯನ್ನೂ ಚಿಮಟವನ್ನೂ ಎತ್ತಿ ಡ್ರಾಯರಿಗೆ ಹಾಕಿ, "ಇನ್ಮೇಲೆ ಅಂಗಡಿಗೆ ಬರೋದು ಬೇಡಮ್ಮ" ಎಂದರು. ನಾನು ಅಲ್ಲ ಅಪ್ಪ, ನಾನು ಮುಟ್ಟಿಲ್ಲ ಎಂದು ಅತ್ತೆ. ಮನೆಗೆ ಬಂದರೆ ಅಕ್ಕ, "ಮಾಡಿದ್ರೆ ಮಾಡ್ದೆ ಅಂತ ಒಪ್ಕೊಳೇ. ಅಪ್ಪ ಏನು ತಿಂದ್ಬಿಡ್ತಾರಾ?" ಎಂದಳು. ಇದನ್ನು ಓದುವಾಗ ನಿನ್ನ ದನಿ ಸಣ್ಣದಾಯಿತಾ ಅಕ್ಕಾ? ಜೋರಾಗಿಯೇ ಓದು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ನಂಬಿದೆ. ಗಂಡ ನಿನ್ನ ತಲೆಯ ಮೇಲೆ ಆಣೆ ಇಟ್ಟಾಗ ನೀನಾದರೂ ಏನು ಮಾಡುತ್ತಿದ್ದೆ?

ಮದುವೆಯಾಗಿ ಬೇರೆ ಊರಿಗೆ ಬಂದೆ. ನನ್ನವರು ಒಳ್ಳೆಯವರು. ಹಳೇ ಸಾಮಾನಿನ ಅಂಗಡಿಗಳಿಂದ ಕೆಟ್ಟ ಗಡಿಯಾರ ತಂದು ಕೊಟ್ಟು, "ತಗೋ, ಇದನ್ನ ಎಷ್ಟು ಬೇಕಾದ್ರೂ ಹಾಳು ಮಾಡು, ಯಾರೂ ಕೇಳಲ್ಲ" ಎನ್ನುತ್ತಿದ್ದರು. ಅಡುಗೆಮನೆಯ ಮೇಜಿನ ಮೇಲೆ ನೂರಾರು ಬಿಚ್ಚಿದೆ, ನೂರಾರು ಕೂಡಿಸಿದೆ. ಯಾರೂ ಕಲಿಸಲಿಲ್ಲ. ತಪ್ಪು ಮಾಡಿದೆ, ಅದೇ ಕಲಿಸಿತು. ಆದರೆ ಒಂದು ಮಾತು ಹೇಳುತ್ತೇನೆ ಭಾವ. ನಡುವೆ ಕೆಲವು ವರ್ಷ ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ಅಷ್ಟು ಜನ ಹೇಳುತ್ತಾರಲ್ಲ, ನಾನೇ ಏನಾದರೂ ಬಿಚ್ಚಿ, ಮರೆತಿದ್ದೇನಾ ಎಂದು. ನೀವು ಕಿತ್ತುಕೊಂಡ ಕೆಲಸವನ್ನು ನಾನು ಮತ್ತೆ ಸಂಪಾದಿಸಿಕೊಂಡೆ. ಆ ಅನುಮಾನ ತಂದಿಟ್ಟದ್ದಕ್ಕೆ ಮಾತ್ರ ನಿಮಗೆ ಕ್ಷಮೆಯಿಲ್ಲ.

ಇನ್ನೊಂದಕ್ಕೂ ಇಲ್ಲ. ಅಪ್ಪನ ಕೊನೆಯ ವಾರ ನಾನು ಬಂದಿದ್ದೆನಲ್ಲ, ಅವರ ಕೈಗಡಿಯಾರ ನಿಂತಿತ್ತು. "ಕೊಡಿ ಅಪ್ಪ, ನಾನು ನೋಡ್ತೀನಿ" ಎಂದು ಕೈ ನೀಡಿದೆ. ಆ ಹೊತ್ತಿಗೆ ನಾನು ಎಂಥೆಂಥ ಗಡಿಯಾರಗಳನ್ನು ನಡೆಸಿದ್ದೆ! ಅಪ್ಪ ಇನ್ನೊಂದು ಅಂಗೈಯಿಂದ ತಮ್ಮ ಗಡಿಯಾರವನ್ನು ಮುಚ್ಚಿಕೊಂಡರು. ಮಗುವಿನ ಕೈಗೆ ಚಾಕು ಸಿಗದಂತೆ ಮುಚ್ಚುತ್ತಾರಲ್ಲ, ಹಾಗೆ. "ಬೇಡಮ್ಮ, ಅಳಿಯಂದ್ರು ನೋಡ್ತಾರೆ" ಎಂದರು. ನೀವು ಅಲ್ಲೇ ಮಂಚದ ಕಾಲ ಬಳಿ ನಿಂತಿದ್ದಿರಿ. ನಿಮಗೆ ಸತ್ಯ ಗೊತ್ತಿತ್ತು. ಒಂದೇ ಒಂದು ಮಾತು, ‘ಅವಳೇ ನೋಡಲಿ ಬಿಡಿ ಮಾವ’ ಎಂದಿದ್ದರೂ ಸಾಕಿತ್ತು. ನೀವು ಕೈ ಚಾಚಿ ಗಡಿಯಾರ ಇಸಿದುಕೊಂಡಿರಿ.

ಈಗ ಕೆಲಸದ ಮಾತಿಗೆ ಬರುತ್ತೇನೆ. ನಿಮ್ಮ ಪುಸ್ತಕಕ್ಕೆ ಇದೂ ಬೇಕಾಗಬಹುದು.

ಆಟೋಮ್ಯಾಟಿಕ್ ಗಡಿಯಾರದ ಗುಟ್ಟು ಇಷ್ಟೇ. ಬೆನ್ನಿನ ಕಡೆ ಅರ್ಧ ಬಿಲ್ಲೆಯಂಥ ತೂಕದ ತಗಡು, ರೋಟರ್. ಕೈ ಬೀಸಿದಂತೆ ಎಡಕ್ಕೂ ತಿರುಗುತ್ತದೆ, ಬಲಕ್ಕೂ ತಿರುಗುತ್ತದೆ. ಆದರೆ ಮೇನ್ ಸ್ಪ್ರಿಂಗ್ ಒಂದೇ ಕಡೆಗೆ ಸುತ್ತಿಕೊಳ್ಳಬೇಕು. ಆದ್ದರಿಂದ ನಡುವೆ ಎರಡು ಪುಟ್ಟ ಚಕ್ರಗಳು, ಅವುಗಳ ಹೊಟ್ಟೆಯಲ್ಲಿ ಇರುವೆಯ ಕಾಲಿನಷ್ಟು ಕೊಕ್ಕೆಗಳು. ಒಂದು ಕಡೆ ತಿರುಗಿದರೆ ಕೊಕ್ಕೆ ಹಿಡಿಯುತ್ತದೆ, ಇನ್ನೊಂದು ಕಡೆ ತಿರುಗಿದರೆ ಬಿಟ್ಟುಕೊಡುತ್ತದೆ. ಜಾಣ ಸೊಸೆಯ ಹಾಗೆ, ಅತ್ತೆ ಹೀಗೆಂದರೂ ಹೂಂ, ಹಾಗೆಂದರೂ ಹೂಂ, ಕೆಲಸ ಮಾತ್ರ ತನಗೆ ಸರಿಕಂಡ ಕಡೆಗೇ. ಆ ಕೊಕ್ಕೆಗಳು ಹಗುರವಾಗಿ ಆಡಬೇಕು. ಅಲ್ಲಿಗೆ ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿ ಗ್ರೀಸು ಬೇಕಾದ್ದು ಬೇರೆ ಕಡೆ. ಸ್ಪ್ರಿಂಗ್ ಪೂರ್ತಿ ತುಂಬಿದ ಮೇಲೂ ರೋಟರ್ ಸುತ್ತುತ್ತಲೇ ಇರುತ್ತದಲ್ಲ, ಆಗ ಸ್ಪ್ರಿಂಗಿನ ತುದಿ ತನ್ನ ಡಬ್ಬಿಯ ಒಳಗೋಡೆಯ ಮೇಲೆ ಜಾರಬೇಕು. ಆ ಗೋಡೆಗೆ ಮಾತ್ರ ಗ್ರೀಸು.

ಅಪ್ಪ ಆಟೋಮ್ಯಾಟಿಕ್ ಗಡಿಯಾರ ಬಂದಾಗಷ್ಟೇ ಗ್ರೀಸಿನ ಆ ನೀಲಿ ಡಬ್ಬಿ ತೆಗೆಯುತ್ತಿದ್ದರು. ನೀವು ಡಬ್ಬಿ ನೋಡಿದಿರಿ, ಕಡ್ಡಿ ಹೋದ ಜಾಗ ನೋಡಲಿಲ್ಲ. ಆಟೋಮ್ಯಾಟಿಕ್ ಎಂದರೆ ಗಟ್ಟಿ ಗ್ರೀಸು ಎಂದುಕೊಂಡು ಕೊಕ್ಕೆಯ ಚಕ್ರಗಳ ಹೊಟ್ಟೆಗೇ ತುಂಬಿದಿರಿ. ಕೊಕ್ಕೆಗಳು ಬೆಲ್ಲದಲ್ಲಿ ಬಿದ್ದ ನೊಣವಾದವು. ರೋಟರ್ ತಿರುಗುತ್ತದೆ, ಸ್ಪ್ರಿಂಗಿಗೆ ಏನೂ ತಲುಪುವುದಿಲ್ಲ. ಅಂಗಡಿಯಲ್ಲಿ ನೀವು ಕೈಯಿಂದ ಕೀ ಕೊಟ್ಟಿರಿ, ಓಡಿತು, ಗೆದ್ದೆ ಎಂದುಕೊಂಡಿರಿ. ಸಾಹೇಬರು ಕೈಗೆ ಕಟ್ಟಿಕೊಂಡರು, ಆಟೋಮ್ಯಾಟಿಕ್‌ಗೆ ಯಾರು ಕೀ ಕೊಡುತ್ತಾರೆ? ನೀವು ಕೊಟ್ಟ ಕೀ ಎರಡು ದಿನಕ್ಕೆ ಮುಗಿಯಿತು. ಮೂರನೆಯ ದಿನ ನಿಂತಿತು.

ಇದೆಲ್ಲ ನಾನು ಊಹಿಸಿ ಇಟ್ಟುಕೊಂಡದ್ದೇ. ಊಹೆಯಿಂದ ಯಾರ ಬಾಯಿಯನ್ನೂ ಬಿಡಿಸಲಾಗುವುದಿಲ್ಲ. ಆದರೆ ನಲವತ್ತೊಂದು ವರ್ಷ ಸಾಹೇಬರ ಸಿಟ್ಟು ಆ ಗಡಿಯಾರವನ್ನು ಕಾಪಾಡಿಟ್ಟಿತ್ತು ನೋಡಿ. ಆವತ್ತು ಅಪ್ಪ ಮುಚ್ಚಿದ್ದನ್ನು ಮತ್ತೆ ಬಿಚ್ಚಿದವಳು ನಾನೇ.

ಮುಚ್ಚಳ ತೆಗೆದೆ. ಅಪ್ಪನ ತ್ರಿಕೋನ. ಆಮೇಲೆ ರೋಟರ್ ಬಿಚ್ಚಿದೆ. ಗ್ರೀಸು ಒಣಗಿ ಹಳೆಯ ಮೇಣದಂತಾಗಿತ್ತು. ಕೊಕ್ಕೆಗಳನ್ನು ಹಿಡಿದುಕೊಂಡಿರುವ ಸೇತುವೆಯಂಥ ತಗಡಿನ ಮೂರು ಸ್ಕ್ರೂ ತೆಗೆದು, ಅದನ್ನು ಮಗುಚಿ, ಬೆನ್ಜಿನ್‌ನಲ್ಲಿ ಅದ್ದಿ, ಮೆತ್ತನೆಯ ಕುಂಚದಿಂದ ತೊಳೆದೆ. ಗ್ರೀಸು ಹೋಯಿತು. ಅದರಡಿ ಇದ್ದದ್ದು ಹೋಗಲಿಲ್ಲ.

ಬೆವರಿನ ಕೈ ಲೋಹಕ್ಕೆ ತಗುಲಿದರೆ ಉಪ್ಪು ನಿಧಾನವಾಗಿ ತಗಡನ್ನೇ ತಿನ್ನುತ್ತದೆ. ಎಷ್ಟು ತೊಳೆದರೂ ಬಿಡುವುದಿಲ್ಲ. ಅದಕ್ಕೇ ಅಪ್ಪ ಬೆರಳುಗಳಿಗೆ ರಬ್ಬರಿನ ಟೊಪ್ಪಿ ಹಾಕಿಕೊಳ್ಳುತ್ತಿದ್ದರು. ನೀವು, "ಏನು ಮಾವ, ಬೆರಳಿಗೂ ಸ್ವೆಟರಾ?" ಎಂದು ನಗುತ್ತಿದ್ದಿರಿ. ಸೇತುವೆಯ ಒಳಮೈಯಲ್ಲಿ, ಪೂರ್ತಿ ಬಿಚ್ಚದೆ ಯಾರೂ ಮುಟ್ಟಲಾಗದ ಜಾಗದಲ್ಲಿ, ಒಂದು ಹೆಬ್ಬೆರಳು ಕೂತಿತ್ತು. ಗೆರೆ ಗೆರೆಯೂ ಕಪ್ಪಗೆ ಕೊರೆದಂತೆ. ಆ ಗೆರೆಗಳನ್ನೆಲ್ಲ ಓರೆಯಾಗಿ ಕಡಿದುಕೊಂಡು ಹೋದ ಒಂದು ಬಿಳಿ ಪಟ್ಟೆ, ಮೇಲ್ತುದಿಯಲ್ಲಿ ಎರಡಾಗಿ ಕವಲೊಡೆದದ್ದು.

ಅಕ್ಕಾ, ನಿನಗೆ ನಾನು ಹೇಳಬೇಕೇ? ಭಾವ ಅಂಗಡಿಗೆ ಬಂದ ಎರಡನೆಯ ತಿಂಗಳು ಮೇನ್ ಸ್ಪ್ರಿಂಗ್ ಡಬ್ಬಿಯಿಂದ ಹಾರಿ ಎಡಗೈ ಹೆಬ್ಬೆರಳನ್ನು ಸೀಳಿತ್ತಲ್ಲ. ಅಪ್ಪನಿಗೆ ಊಟ ತಂದಿದ್ದ ನೀನು ನಿನ್ನ ಕರ್ಚೀಫು ಹರಿದು ಕಟ್ಟಿದೆ. ಮದುವೆಯ ಮಾತು ಶುರುವಾದದ್ದೇ ಆ ಕಟ್ಟಿನಿಂದ. ಮದುವೆಯಾದ ಮೇಲೂ ನೀನು ಆ ಗಾಯದ ಗುರುತನ್ನು ಸವರುತ್ತ, "ನೋಡೇ, ಹಾವಿನ ನಾಲಿಗೆ ಥರ ಇದೆ" ಎಂದು ನನಗೆ ತೋರಿಸುತ್ತಿದ್ದೆ.

ಪತ್ರದ ಜೊತೆ ಆ ಹೆಬ್ಬೆರಳ ಗುರುತಿನ ಫೋಟೋ ದೊಡ್ಡದು ಮಾಡಿಸಿ ಇಟ್ಟಿದ್ದೇನೆ. ಇಲ್ಲಿ ಓದುವುದನ್ನು ನಿಲ್ಲಿಸಬಹುದು. ಅವರ ಎಡಗೈ ಹಿಡಿದುಕೊಂಡು ಫೋಟೋ ಪಕ್ಕ ಇಟ್ಟು ನೋಡು. ಒತ್ತಿದ ಮುದ್ರೆ ಕನ್ನಡಿಯ ಹಾಗೆ ಎಡಬಲ ತಿರುಗಿರುತ್ತದೆ, ಅದನ್ನು ಮರೆಯಬೇಡ. ಅವರು ಕೈ ಎಳೆದುಕೊಂಡರೆ ನೋಡುವ ಅಗತ್ಯವೂ ಇಲ್ಲ.

ನೋಡಿದೆಯಾ? ಸರಿ, ಮುಂದೆ ಓದು.

ಭಾವ, ಗಡಿಯಾರ ಹಾಳಾದದ್ದಕ್ಕೆ ನನಗೆ ಕೋಪವಿಲ್ಲ. ನನ್ನ ಕೈಯಲ್ಲಿ ಹಾಳಾದವನ್ನು ಒಂದು ಗೋಣಿಯಲ್ಲಿ ತುಂಬಬಹುದು. ‘ಬಿಚ್ಚಿದೆ ಮಾವ, ತಪ್ಪಾಯ್ತು’ ಎಂದಿದ್ದರೆ ಅಪ್ಪ ಎರಡು ದಿನ ಉರಿದು ಮೂರನೇ ದಿನ ನಿಮಗೇ ಕಲಿಸುತ್ತಿದ್ದರು. ನೀವು ಒಳಗೆ ಹೋದಿರಿ, ಕೆಡಿಸಿದಿರಿ, ಮುಚ್ಚುವಾಗ ಸೂಜಿ ಕೈಗೆತ್ತಿಕೊಳ್ಳಲಿಲ್ಲ. ಆವತ್ತು ನೀವು ಗುರುತು ಹಾಕದೆ ಬಿಟ್ಟದ್ದು ಮಾವನ ಬೈಗುಳಕ್ಕೆ ಹೆದರಿ, ಒಪ್ಪಿಕೊಳ್ಳೋಣ. ಆದರೆ ಅದನ್ನೇ ಮುಂದೊಡ್ಡಿ ಇಪ್ಪತ್ತು ವರ್ಷದ ಹುಡುಗಿಯನ್ನು ಬೀದಿಗೆ ಹಾಕಿದ್ದು ಹೆದರಿಕೆಯಲ್ಲ. ಅದು ಕಸುಬು. ಆ ಕಸುಬಿನಲ್ಲಿ ನಿಮಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸರ್ಜನ್ ಸಾಹೇಬರ ಮಗಳಿಗೆ ಎಲ್ಲವನ್ನೂ ಹೇಳಿದೆ. ಭೂತಗನ್ನಡಿಯಲ್ಲಿ ತೋರಿಸಿದೆ. ತುಂಬ ಹೊತ್ತು ನೋಡಿದಳು. "ಅಪ್ಪ ಸಾಯೋವರೆಗೂ ಖಾಲಿ ಮಣಿಕಟ್ಟಲ್ಲೇ ಟೈಮ್ ನೋಡ್ಕೊಳ್ತಿದ್ರು. ನೋಡಿ, ಮತ್ತೆ ಕೈ ಇಳಿಸ್ತಿದ್ರು" ಎಂದಳು. ಆಮೇಲೆ, "ಇದನ್ನ ಪಾಲಿಶ್ ಮಾಡಿ ತೆಗೀಬೋದಾ?" ಎಂದು ಕೇಳಿದಳು. ತೆಗೆಯಬಹುದು, ಅರ್ಧ ಗಂಟೆಯ ಕೆಲಸ ಎಂದೆ. "ಬೇಡ. ಇರ್ಲಿ ಬಿಡಿ" ಎಂದಳು. ಎಂಥ ಮುದ್ದಾದ ಹೆಣ್ಣುಮಗಳು!

ಹೀಗಾಗಿ ಎಲ್ಲವನ್ನೂ ತೊಳೆದು, ಕೊಕ್ಕೆಗಳನ್ನು ಒಣಗಿಸಿ, ಡಬ್ಬಿಯ ಗೋಡೆಗೆ ಮಾತ್ರ ಗ್ರೀಸು ಹಚ್ಚಿ, ಕೂಡಿಸಿದೆ. ನಿಮ್ಮ ಹೆಬ್ಬೆರಳನ್ನು ಅದರ ಜಾಗದಲ್ಲೇ ಬಿಟ್ಟೆ. ಆಮೇಲೆ ಅವಳ ಒಪ್ಪಿಗೆ ಪಡೆದು ಸೂಜಿ ತೆಗೆದುಕೊಂಡೆ. ಮುಚ್ಚಳದ ಒಳಮೈಯಲ್ಲಿ ಅಪ್ಪನ ತ್ರಿಕೋನದ ಕೆಳಗೆ ಒಂದು ಅರ್ಧಚಂದ್ರ ಗೀರಿದೆ, ಒಳಗೊಂದು ಚುಕ್ಕೆ, ಪಕ್ಕದಲ್ಲಿ ನಲವತ್ತೊಂದು ವರ್ಷದ ಹಿಂದಿನ ತಿಂಗಳು, ವರ್ಷ. ಬಾಕಿ ಉಳಿದಿದ್ದ ನಿಮ್ಮ ಕೆಲಸವನ್ನು ನಾದಿನಿ ಪೂರೈಸಿದ್ದಾಳೆ. ಅದರ ಕೆಳಗೆ ನನ್ನ ಗುರುತು, ಇವತ್ತಿನ ತಾರೀಖು. ನನ್ನ ಗುರುತು ಯಾವುದು ಎಂದು ನಿಮಗೆ ಹೇಳುವುದಿಲ್ಲ. ಅದನ್ನು ನನಗೆ ಯಾರೂ ಕೊಟ್ಟದ್ದಲ್ಲ.

ಈ ಗಡಿಯಾರ ಇನ್ನೂ ನೂರು ವರ್ಷ ಓಡುತ್ತದೆ. ಐದಾರು ವರ್ಷಕ್ಕೊಮ್ಮೆ ಯಾರೋ ಬಿಚ್ಚುತ್ತಾರೆ. ಮುಚ್ಚಳ ಓದುತ್ತಾರೆ, ಸೇತುವೆ ಮಗುಚುತ್ತಾರೆ, ಈ ಅರ್ಧಚಂದ್ರದವನು ಬರಿಗೈಯಲ್ಲಿ ಒಳಗೆ ನುಗ್ಗಿದವನು ಎಂದು ನಗುತ್ತಾರೆ. ನಾವಿಬ್ಬರೂ ಮಣ್ಣಾದ ಮೇಲೂ ನಗುತ್ತಾರೆ. ಇದನ್ನು ಬರೆಯುವಾಗ ನನಗೆ ಎಷ್ಟು ಹಿತವಾಗಿದೆ ಎಂದರೆ, ಸೇಡು ಇಟ್ಟುಕೊಂಡವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರಲ್ಲ, ಶುದ್ಧ ಸುಳ್ಳು. ಈ ಹನ್ನೊಂದು ದಿನ ನಾನು ಕೂಸಿನಂತೆ ನಿದ್ದೆ ಮಾಡಿದ್ದೇನೆ.

ಇನ್ನು ಸನ್ಮಾನದ ಮಾತು. ಪುಸ್ತಕಕ್ಕೆ ನಾನು ಏನೂ ಕಳಿಸುವುದಿಲ್ಲ. ಆದರೆ ಬರುತ್ತೇನೆ. ಸರ್ಜನ್ ಸಾಹೇಬರ ಮಗಳೂ ಗಡಿಯಾರ ಕಟ್ಟಿಕೊಂಡು ನನ್ನ ಪಕ್ಕ ಕೂರುತ್ತಾಳೆ. ಕಾರ್ಯಕ್ರಮದ ಪಟ್ಟಿಯನ್ನು ನಿಮ್ಮ ಮಗಳು ಓದಿ ಹೇಳಿದ್ದಾಳೆ. ಮೊದಲು ನಿಮ್ಮ ಮಾತು, ಆಮೇಲೆ ನನ್ನದು. ನಾನೇ ಹೇಳಬಹುದು, ಫೋಟೋವೂ ಇದೆ. ಆದರೆ ನನ್ನ ಬಾಯಿಂದ ಈ ಮಾತು ನಲವತ್ತೊಂದು ವರ್ಷ ಬಂದಿದೆ, ಯಾರಿಗೂ ಕೇಳಿಸಿಲ್ಲ. ನಿಮ್ಮ ಬಾಯಿಂದ ಬರಬೇಕು, ಮೈಕಿನಲ್ಲಿ, ಅಂಗಡಿಯ ಹೆಸರು ಹಿಡಿದು, ಅಪ್ಪನ ಹೆಸರು ಹಿಡಿದು: ಆ ಗಡಿಯಾರ ಬಿಚ್ಚಿದ್ದು ನಾನು, ನನ್ನ ನಾದಿನಿಯಲ್ಲ. ಅಷ್ಟು ಹೇಳಿ. ನಾನು ಎದ್ದು ಬಂದು ಎಲ್ಲರೆದುರು ನಿಮ್ಮ ಕಾಲಿಗೆ ನಮಸ್ಕಾರ ಮಾಡಿ, ಒಂದು ಮಾತೂ ಆಡದೆ ಊರಿಗೆ ಹೊರಡುತ್ತೇನೆ. ಹೇಳದೆ ಕೂತಿರೋ, ಮೈಕು ನನ್ನ ಕೈಗೆ ಬರುತ್ತದೆ.

ಅಕ್ಕಾ, ಅವರನ್ನು ನೀನು ಏನು ಮಾಡುತ್ತೀಯೋ ನಿನ್ನ ಇಷ್ಟ. ಅವರ ಊಟ, ಮಾತ್ರೆ ಬಿಡಬೇಡ. ನೆಗಡಿಯಾಗದಂತೆ ನೋಡಿಕೋ. ಈಚೆಗೆ ಹವೆ ಸರಿಯಿಲ್ಲ. ಹಾಸಿಗೆ ಹಿಡಿದು ಆ ದಿನ ತಪ್ಪಿಸಿಕೊಂಡರೆ ಸಂಘದವರನ್ನು ಮನೆಗೇ ಕರೆತರುತ್ತೇನೆ. ಮಂಚದ ಕಾಲ ಬಳಿ ನಿಲ್ಲುವುದು ಹೇಗೆಂದು ನನಗೂ ಗೊತ್ತು.

ಭಾವ, ನೀವು ನೂರು ವರ್ಷ ಬಾಳಬೇಕು. ಬಾಯುಪಚಾರಕ್ಕೆ ಹೇಳುತ್ತಿಲ್ಲ, ಮನಸಾರೆ ಹಾರೈಸುತ್ತಿದ್ದೇನೆ. ಇಷ್ಟು ವರ್ಷ ನಿಮ್ಮ ತಪ್ಪನ್ನು ನಾನು ಹೊತ್ತೆ. ಇನ್ನು ನಿಮ್ಮ ಸರದಿ. ಹೊರುವುದಕ್ಕೆ ಆಯುಷ್ಯ ಬೇಕು.

ಗಟ್ಟಿಯಾಗಿರಿ,
ನಿಮ್ಮ ನಾದಿನಿ
ಚಿಮಟ